ಅಮೆರಿಕದ ಪಕ್ಷ ಸಮಾವೇಶಗಳ ಭಾಷಣ ಮತ್ತು ಅದಕ್ಕೆ ಬರುವ ಪ್ರತಿಕ್ರಿಯೆ: ಪದೇ ಪದೇ ಕೇಳುವ ಪ್ರಶ್ನೆಗಳು

ಅಧ್ಯಕ್ಷೀಯ ಚುನಾವಣೆಯ ವರ್ಷ ಬಂದರೆ ಡೆಮಾಕ್ರಟಿಕ್ ಮತ್ತು ರಿಪಬ್ಲಿಕನ್ ಪಕ್ಷಗಳು ತಮ್ಮ ಅಭ್ಯರ್ಥಿಯನ್ನು ವಿಧ್ಯುಕ್ತವಾಗಿ ಹೆಸರಿಸಲು ಒಂದೊಂದು ರಾಷ್ಟ್ರೀಯ ಸಮಾವೇಶ ನಡೆಸುತ್ತವೆ. ಅಲ್ಲಿಯ ಭಾಷಣಗಳ ತುಣುಕುಗಳು ಮರುದಿನ ನಮ್ಮ ಮೊಬೈಲಿಗೂ ಬಂದು ಬೀಳುತ್ತವೆ. ಜೊತೆಗೆ ಸಭೆ ಹುಚ್ಚೆದ್ದು ಕುಣಿಯಿತು, ಭಾಷಣ ಸಪ್ಪೆಯಾಯಿತು ಎಂಬ ತೀರ್ಪುಗಳೂ ಬರುತ್ತವೆ. ಆ ತೀರ್ಪುಗಳನ್ನು ಎಷ್ಟು ನಂಬಬೇಕು ಎಂದು ಕೇಳುವವರಿಗಾಗಿ ಈ ಪುಟ. ಇಲ್ಲಿ ಭಾಷಣಕಾರರಿಗಿಂತ ಕೇಳುಗರ ಮೇಲೆ ಹೆಚ್ಚು ಗಮನ ಇದೆ.

ಸಮಾವೇಶದಲ್ಲಿ ಕುಳಿತು ಚಪ್ಪಾಳೆ ತಟ್ಟುವವರು ಯಾರು?

ಬಹುಪಾಲು ಪಕ್ಷದ ಪ್ರತಿನಿಧಿಗಳು. ಪಕ್ಷದ ಅಭ್ಯರ್ಥಿ ಯಾರಾಗಬೇಕು ಎಂದು ಮತದಾರರು ಹೇಳುವ ಪ್ರಾಥಮಿಕ ಚುನಾವಣೆಗಳ ಫಲಿತಾಂಶಕ್ಕೆ ಅನುಗುಣವಾಗಿ ಪ್ರತಿ ರಾಜ್ಯದಿಂದಲೂ ಆಯ್ಕೆಯಾಗಿ ಬಂದವರು. 2024ರಲ್ಲಿ ಮಿಲ್ವಾಕಿಯಲ್ಲಿ ಸೇರಿದ ರಿಪಬ್ಲಿಕನ್ ಪ್ರತಿನಿಧಿಗಳು 2,400ಕ್ಕೂ ಹೆಚ್ಚು. ಷಿಕಾಗೊದಲ್ಲಿ ಸೇರಿದ ಡೆಮಾಕ್ರಟಿಕ್ ಪ್ರತಿನಿಧಿಗಳು 4,000ಕ್ಕೂ ಹೆಚ್ಚು. ಸ್ಥಳೀಯ ಮುಖಂಡರು, ಶಾಸಕರು, ಕಾರ್ಮಿಕ ಸಂಘಗಳವರು, ವರ್ಷವಿಡೀ ಮನೆಮನೆ ತಿರುಗಿದ ಕಾರ್ಯಕರ್ತರು ಇವರಲ್ಲಿ ಇರುತ್ತಾರೆ. ಸುತ್ತ ದೇಣಿಗೆದಾರರು, ಅತಿಥಿಗಳು, ಪತ್ರಕರ್ತರು. ಯಾರಿಗೆ ಮತ ಹಾಕಲಿ ಎಂದು ಇನ್ನೂ ಯೋಚಿಸುತ್ತಿರುವ ಮತದಾರ ಆ ಸಭಾಂಗಣದಲ್ಲಿ ಹುಡುಕಿದರೂ ಸಿಗುವುದಿಲ್ಲ. ಹಾಗಾಗಿ ಅಲ್ಲಿಯ ಚಪ್ಪಾಳೆಗೆ, ಮದುವೆ ಮನೆಯಲ್ಲಿ ಗಂಡಿನ ಕಡೆಯವರು ಗಂಡನ್ನು ಹೊಗಳುವ ಮಾತಿಗೆ ಇರುವಷ್ಟೇ ಬೆಲೆ.

ಗಮನಿಸಬೇಕಾದದ್ದು ಒಪ್ಪಿಗೆಯನ್ನಲ್ಲ, ಅಸಮಾಧಾನವನ್ನು. ಪಕ್ಷದ ನಿಷ್ಠರೇ ತುಂಬಿರುವ ಕಡೆ ಯಾರಾದರೂ ‘ಬೂ’ ಎಂದು ಕೂಗಿದರೆ, ಎದ್ದು ಹೊರನಡೆದರೆ, ಕೈಕಟ್ಟಿ ಸುಮ್ಮನೆ ಕುಳಿತರೆ ಅದಕ್ಕೆ ಕಾರಣ ಇದ್ದೇ ಇರುತ್ತದೆ.

ಈ ಚಪ್ಪಾಳೆ ತಾನಾಗಿ ಬರುತ್ತದೆಯೇ, ಇಲ್ಲ ಬರಿಸುತ್ತಾರೆಯೇ?

ಎರಡೂ ಇದೆ. ಪ್ರತಿನಿಧಿಗಳ ಕೈಯಲ್ಲಿ ಕಾಣುವ ಅಚ್ಚುಕಟ್ಟಾದ ಫಲಕಗಳನ್ನು ಅವರು ಮನೆಯಿಂದ ತಂದಿರುವುದಿಲ್ಲ. ಯಾವ ಭಾಷಣಕ್ಕೆ ಯಾವ ಫಲಕ ಎಂಬುದು ಮೊದಲೇ ನಿಗದಿಯಾಗಿರುತ್ತದೆ. ಸ್ವಯಂಸೇವಕರು ಕಟ್ಟುಕಟ್ಟಾಗಿ ತಂದು ಸಾಲುಸಾಲಿಗೆ ಹಂಚುತ್ತಾರೆ. ಸಭಾಂಗಣದ ನಡುವೆ ಅಭ್ಯರ್ಥಿಯ ಕಡೆಯ ಸಂಚಾಲಕರು ಓಡಾಡುತ್ತಿರುತ್ತಾರೆ. ಎಲ್ಲಿ ಘೋಷಣೆ ಕೂಗಬೇಕು, ಎಲ್ಲಿ ಎದ್ದು ನಿಲ್ಲಬೇಕು ಎಂಬ ಸೂಚನೆ ಅವರಿಂದ ಹೋಗುತ್ತದೆ.

ಈ ವ್ಯವಸ್ಥೆಯ ನಿಜವಾದ ಉಪಯೋಗ ತಿಳಿಯುವುದು ಭಿನ್ನಮತ ತಲೆಯೆತ್ತಿದಾಗ. 2016ರಲ್ಲಿ ಫಿಲಡೆಲ್ಫಿಯಾದಲ್ಲಿ ಹಿಲರಿ ಕ್ಲಿಂಟನ್ ಅಭ್ಯರ್ಥಿಯಾದಾಗ, ಪ್ರಾಥಮಿಕ ಚುನಾವಣೆಯಲ್ಲಿ ಅವರೆದುರು ಸೋತಿದ್ದ ಬರ್ನಿ ಸ್ಯಾಂಡರ್ಸ್ ಬೆಂಬಲಿಗರು ಮೊದಲ ದಿನದಿಂದಲೇ ಕೂಗಾಡುತ್ತಿದ್ದರು. ಮಾಜಿ ರಕ್ಷಣಾ ಕಾರ್ಯದರ್ಶಿ ಲಿಯಾನ್ ಪನೆಟ್ಟಾ ಮಾತನಾಡುವಾಗ ‘ಇನ್ನು ಯುದ್ಧ ಬೇಡ’ ಎಂಬ ಘೋಷಣೆ ಎದ್ದಿತು. ಅದನ್ನು ಮುಚ್ಚಲು ಉಳಿದವರು ‘ಯು.ಎಸ್.ಎ’ ಎಂದು ಕೂಗಿದರು. ಟಿ.ವಿ.ಯಲ್ಲಿ ನೋಡಿದವರಿಗೆ ಅದು ದೇಶಪ್ರೇಮದ ಉಕ್ಕು ಎಂದು ಕಂಡಿರಬಹುದು. 2024ರಲ್ಲಿ ಷಿಕಾಗೊದಲ್ಲಿ ಜೋ ಬೈಡನ್ ಮಾತನಾಡುವಾಗ ಕೆಲವರು ಇಸ್ರೇಲಿಗೆ ಶಸ್ತ್ರ ಕೊಡುವುದನ್ನು ನಿಲ್ಲಿಸಿ ಎಂಬ ಬ್ಯಾನರ್ ಬಿಚ್ಚಿದಾಗಲೂ ಸುತ್ತಲಿನವರು ಬೈಡನ್ ಮೇಲಿನ ಪ್ರೀತಿಯ ಫಲಕಗಳನ್ನೇ ಅಡ್ಡ ಹಿಡಿದು ಅದನ್ನು ಮರೆಮಾಡಿದರು. ಜೈಕಾರ ಇದ್ದಕ್ಕಿದ್ದಂತೆ, ಭಾಷಣದ ಮಾತಿಗೆ ಸಂಬಂಧವೇ ಇಲ್ಲದ ಕಡೆ ಜೋರಾದರೆ ಅದರ ಅಡಿಯಲ್ಲಿ ಬೇರೊಂದು ಕೂಗು ಇದೆಯೇ ಎಂದು ಕಿವಿಗೊಡುವುದು ಒಳ್ಳೆಯದು.

ತಮ್ಮ ಪಕ್ಷದ ನಾಯಕರನ್ನೇ ಕೂಗಾಡಿ ಗೇಲಿ ಮಾಡಿದ್ದು ಉಂಟೇ?

ಉಂಟು. ಎಲ್ಲಕ್ಕಿಂತ ದೊಡ್ಡ ಉದಾಹರಣೆ 1964ರ ರಿಪಬ್ಲಿಕನ್ ಸಮಾವೇಶ. ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಕೌ ಪ್ಯಾಲೆಸ್ ಎಂಬ ಸಭಾಂಗಣ. ಜುಲೈ 14ರ ರಾತ್ರಿ ನ್ಯೂಯಾರ್ಕ್ ಗವರ್ನರ್ ನೆಲ್ಸನ್ ರಾಕ್‌ಫೆಲ್ಲರ್ ವೇದಿಕೆಗೆ ಬಂದರು. ಕಮ್ಯುನಿಸ್ಟರು, ಬಿಳಿಯರ ಜನಾಂಗದ್ವೇಷಿ ಗುಂಪಾದ ಕು ಕ್ಲಕ್ಸ್ ಕ್ಲಾನ್, ಕಟ್ಟಾ ಬಲಪಂಥೀಯ ಜಾನ್ ಬರ್ಚ್ ಸೊಸೈಟಿ ಮುಂತಾದವರ ಉಗ್ರವಾದವನ್ನು ಪಕ್ಷ ಖಂಡಿಸಬೇಕು ಎಂದು ಪ್ರಣಾಳಿಕೆಗೆ ತರಲು ಹೊರಟ ತಿದ್ದುಪಡಿಯ ಪರ ಮಾತನಾಡಲು ಅವರಿಗೆ ಸಿಕ್ಕಿದ್ದು ಐದು ನಿಮಿಷ. ಅಭ್ಯರ್ಥಿಯಾಗಲಿದ್ದ ಸಂಪ್ರದಾಯವಾದಿ ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್ ಬೆಂಬಲಿಗರು ಮಾತು ಪೂರ್ತಿ ಮಾಡಲು ಬಿಡಲಿಲ್ಲ. ‘ಬೂ’ ಎಂಬ ಕೂಗು, ‘ನಮಗೆ ಬ್ಯಾರಿ ಬೇಕು’ ಎಂಬ ಘೋಷಣೆ. ರಾಕ್‌ಫೆಲ್ಲರ್ ವೇದಿಕೆ ಬಿಟ್ಟು ಇಳಿಯಲಿಲ್ಲ. ಇದು ಇನ್ನೂ ಸ್ವತಂತ್ರ ದೇಶವೇ, ಮಹನೀಯರೇ ಮಹಿಳೆಯರೇ ಎಂದು ಚುಚ್ಚಿದರು. ತಿದ್ದುಪಡಿ ಬಿದ್ದುಹೋಯಿತು.

ಎರಡು ದಿನಗಳ ನಂತರ ಗೋಲ್ಡ್‌ವಾಟರ್ ಅಭ್ಯರ್ಥಿಯಾಗಲು ಒಪ್ಪಿ ಮಾಡುವ ಸ್ವೀಕಾರ ಭಾಷಣದಲ್ಲಿ, ಸ್ವಾತಂತ್ರ್ಯವನ್ನು ಕಾಪಾಡಲು ಉಗ್ರವಾದಿಯಾಗುವುದು ದೋಷವಲ್ಲ, ನ್ಯಾಯದ ಹಾದಿಯಲ್ಲಿ ಮಿತವಾದ ಸದ್ಗುಣವಲ್ಲ ಎಂದರು. ಸಭಾಂಗಣ ಗುಡುಗಿತು. ನವೆಂಬರಿನ ಚುನಾವಣೆಯಲ್ಲಿ ಅವರು ಗೆದ್ದದ್ದು ಆರು ರಾಜ್ಯ ಮಾತ್ರ. ಆದರೆ ಆ ರಾತ್ರಿಯ ಕೂಗಾಟ ಒಂದು ಸತ್ಯವನ್ನು ಹೇಳಿತ್ತು: ಪಕ್ಷ ನ್ಯೂಯಾರ್ಕಿನ ಶ್ರೀಮಂತ ಉದಾರವಾದಿಗಳ ಕೈಯಿಂದ ಜಾರಿ ದಕ್ಷಿಣ ಮತ್ತು ಪಶ್ಚಿಮದ ಸಂಪ್ರದಾಯವಾದಿಗಳ ಕೈ ಸೇರುತ್ತಿತ್ತು. ಗೋಲ್ಡ್‌ವಾಟರ್ ಸೋತರೂ ಆ ಬದಲಾವಣೆ ನಿಲ್ಲಲಿಲ್ಲ. ಹದಿನಾರು ವರ್ಷಗಳ ನಂತರ ರೊನಾಲ್ಡ್ ರೇಗನ್ ಅದೇ ಅಲೆಯ ಮೇಲೆ ಶ್ವೇತಭವನ ಸೇರಿದರು.

ಇತ್ತೀಚಿನ ಉದಾಹರಣೆ, ಪ್ರಾಥಮಿಕ ಚುನಾವಣೆಯಲ್ಲಿ ಡೊನಾಲ್ಡ್ ಟ್ರಂಪ್ ಎದುರು ಸೋತಿದ್ದ ಸೆನೆಟರ್ ಟೆಡ್ ಕ್ರೂಸ್. 2016ರ ಜುಲೈ 20ರಂದು ಕ್ಲೀವ್‌ಲ್ಯಾಂಡಿನಲ್ಲಿ ಅವರು ಆತ್ಮಸಾಕ್ಷಿಗೆ ತಕ್ಕಂತೆ ಮತ ಹಾಕಿ ಎಂದರೇ ಹೊರತು ಡೊನಾಲ್ಡ್ ಟ್ರಂಪ್‌ಗೆ ಬೆಂಬಲ ಘೋಷಿಸಲಿಲ್ಲ. ನ್ಯೂಯಾರ್ಕ್ ಪ್ರತಿನಿಧಿಗಳು ಮೊದಲು ಕೂಗಿದರು, ಆಮೇಲೆ ಇಡೀ ಸಭಾಂಗಣ ಸೇರಿಕೊಂಡಿತು. ಭಾಷಣ ಮುಗಿಯುವ ಹೊತ್ತಿಗೆ ಸರಿಯಾಗಿ ಟ್ರಂಪ್ ಒಳಗೆ ಕಾಲಿಟ್ಟರು, ಕ್ಯಾಮೆರಾಗಳೆಲ್ಲ ಅತ್ತ ತಿರುಗಿದವು. ಕ್ರೂಸ್ ಅವರ ಪತ್ನಿಯನ್ನು ಭದ್ರತಾ ಸಿಬ್ಬಂದಿ ಜೊತೆಯಲ್ಲಿದ್ದು ಹೊರಗೆ ಕರೆದೊಯ್ಯಬೇಕಾಯಿತು. ಸೆಪ್ಟೆಂಬರಿನಲ್ಲಿ ಕ್ರೂಸ್ ಟ್ರಂಪ್‌ಗೆ ಬೆಂಬಲ ಸೂಚಿಸಿದರು. ಆ ರಾತ್ರಿಯ ಕೂಗನ್ನು ಅವರಿಗಿಂತ ಚೆನ್ನಾಗಿ ಅರ್ಥಮಾಡಿಕೊಂಡವರು ಬೇರೆ ಇರಲಾರರು.

ಭಾಷಣ ಸಹಿಸದೆ ಎದ್ದುಹೋದವರು ಇದ್ದಾರೆಯೇ?

1948, ಫಿಲಡೆಲ್ಫಿಯಾ. ಮಿನಿಯಾಪೊಲಿಸ್ ನಗರದ 37 ವರ್ಷದ ಮೇಯರ್ ಹ್ಯೂಬರ್ಟ್ ಹಂಫ್ರಿ ಕಪ್ಪು ಜನರ ನಾಗರಿಕ ಹಕ್ಕುಗಳ ಪರ ಗಟ್ಟಿ ನಿರ್ಣಯ ಬೇಕೆಂದು ವಾದಿಸಿದರು. ಡೆಮಾಕ್ರಟಿಕ್ ಪಕ್ಷ ರಾಜ್ಯಗಳ ಹಕ್ಕು (ಜನಾಂಗಭೇದ ಉಳಿಸಿಕೊಳ್ಳಲು ದಕ್ಷಿಣದವರು ಒಡ್ಡುತ್ತಿದ್ದ ವಾದ) ಎಂಬ ನೆರಳಿನಿಂದ ಹೊರಬಂದು ಮಾನವ ಹಕ್ಕುಗಳ ಬಿಸಿಲಿಗೆ ನಡೆಯಬೇಕಾದ ಕಾಲ ಬಂದಿದೆ ಎಂದರು. ಹತ್ತು ನಿಮಿಷದ ಆಸುಪಾಸಿನ ಭಾಷಣ. ಹಿರಿಯರು ಬೇಡವೆಂದಿದ್ದ ನಿರ್ಣಯ ಮತಕ್ಕೆ ಹೋಗಿ ಗೆದ್ದಿತು. ಮಿಸಿಸಿಪ್ಪಿಯ ಪ್ರತಿನಿಧಿಗಳೆಲ್ಲರೂ, ಅಲಬಾಮಾದ ಅರ್ಧದಷ್ಟು ಜನರೂ ಎದ್ದು ಹೊರನಡೆದರು. ಅವರಲ್ಲಿ ಹಲವರು ಸೇರಿ ಕಟ್ಟಿದ ಹೊಸ ಪಕ್ಷದಿಂದ ಸ್ಟ್ರಾಮ್ ಥರ್ಮಂಡ್ ಸ್ಪರ್ಧಿಸಿ ನಾಲ್ಕು ರಾಜ್ಯ ಗೆದ್ದರು.

ಪಕ್ಷ ಒಡೆಯಿತು, ಅದರ ಅಭ್ಯರ್ಥಿ, ಅಧ್ಯಕ್ಷ ಹ್ಯಾರಿ ಟ್ರೂಮನ್ ಮುಗಿದರು ಎಂದೇ ಎಲ್ಲರೂ ಭಾವಿಸಿದ್ದರು. ಟ್ರೂಮನ್ ಗೆದ್ದರು. ಸಮಾವೇಶದ ಇತಿಹಾಸದಲ್ಲಿ ನನಗೆ ತುಂಬ ಇಷ್ಟವಾದ ಭಾಷಣ ಇದು. ಚಪ್ಪಾಳೆಗಾಗಿ ಮಾಡಿದ ಭಾಷಣ ಅಲ್ಲ. ಅದನ್ನು ಕೇಳಿದ ಮೇಲೆ ಪ್ರತಿಯೊಬ್ಬರೂ ತಾವು ಯಾವ ಕಡೆ ಎಂದು ತೋರಿಸಲೇಬೇಕಾಯಿತು.

ಒಂದೇ ಭಾಷಣದಿಂದ ಅಧ್ಯಕ್ಷೀಯ ಅಭ್ಯರ್ಥಿಯಾದವರು ಯಾರಾದರೂ ಇದ್ದಾರೆಯೇ?

ಹೆಚ್ಚುಕಡಿಮೆ ಹಾಗೆಯೇ ಆದವರು ವಿಲಿಯಂ ಜೆನ್ನಿಂಗ್ಸ್ ಬ್ರಯಾನ್. 1896ರ ಜುಲೈ 9, ಷಿಕಾಗೊದ ಡೆಮಾಕ್ರಟಿಕ್ ಸಮಾವೇಶ. ನೆಬ್ರಾಸ್ಕಾದ ಈ ಮಾಜಿ ಸಂಸದನಿಗೆ ಆಗ 36 ವರ್ಷ. ನಾಣ್ಯಕ್ಕೆ ಚಿನ್ನ ಮಾತ್ರ ಆಧಾರವೇ, ಬೆಳ್ಳಿಯೂ ಬೇಕೇ ಎಂಬ ಚರ್ಚೆ. ನಮಗೆ ಈಗ ಒಣಕಲಾಗಿ ಕೇಳಿಸುವ ಈ ವಿಷಯ ಸಾಲದಲ್ಲಿ ಮುಳುಗಿದ್ದ ರೈತರಿಗೆ ಬದುಕು ಸಾವಿನ ಪ್ರಶ್ನೆಯಾಗಿತ್ತು. ಬೆಳ್ಳಿ ಬಂದರೆ ಹಣದ ಚಲಾವಣೆ ಹೆಚ್ಚಿ ಬೆಳೆಗೆ ಬೆಲೆ ಏರುತ್ತದೆ, ಸಾಲದ ಭಾರ ಇಳಿಯುತ್ತದೆ ಎಂಬುದು ಅವರ ಲೆಕ್ಕ. ಮನುಕುಲವನ್ನು ಚಿನ್ನದ ಶಿಲುಬೆಗೆ ಏರಿಸಬೇಡಿ ಎಂದು ಬ್ರಯಾನ್ ಮುಗಿಸಿದಾಗ ಕೈಗಳೆರಡನ್ನೂ ಚಾಚಿ ಶಿಲುಬೆಯಂತೆ ನಿಂತಿದ್ದರು. ಕೆಲವು ಕ್ಷಣ ಯಾರಿಂದಲೂ ಸದ್ದಿಲ್ಲ. ಆಮೇಲೆ ಸಭಾಂಗಣ ಸ್ಫೋಟಿಸಿತು. ಹ್ಯಾಟುಗಳು ಹಾರಿದವು, ಪ್ರತಿನಿಧಿಗಳು ಬ್ರಯಾನ್‌ರನ್ನು ಹೆಗಲ ಮೇಲೆ ಹೊತ್ತು ತಿರುಗಿದರು. ಮರುದಿನ ಐದನೆಯ ಸುತ್ತಿನ ಮತದಾನದಲ್ಲಿ ಅವರೇ ಅಭ್ಯರ್ಥಿ.

ಚುನಾವಣೆಯಲ್ಲಿ ವಿಲಿಯಂ ಮೆಕಿನ್ಲಿ ಎದುರು ಸೋತರು. 1900 ಮತ್ತು 1908ರಲ್ಲಿ ಮತ್ತೆ ಅಭ್ಯರ್ಥಿಯಾಗಿ ಮತ್ತೆ ಸೋತರು. ರೈತರು ತುಂಬಿದ್ದ ಸಭಾಂಗಣವನ್ನು ಗೆದ್ದ ಮಾತು ಕಾರ್ಖಾನೆಗಳಿದ್ದ ಈಶಾನ್ಯ ರಾಜ್ಯಗಳಲ್ಲಿ ಕೆಲಸ ಮಾಡಲಿಲ್ಲ.

ಈಗ ಹಾಗೆ ಆಗಬಹುದೇ?

ಆಗುವ ಸಾಧ್ಯತೆ ತೀರ ಕಡಿಮೆ. ಕಾರಣ 1968. ವಿಯೆಟ್ನಾಂ ಯುದ್ಧದ ವಿರುದ್ಧ ಷಿಕಾಗೊ ಬೀದಿಗಳಲ್ಲಿ ಸೇರಿದ್ದ ಯುವಕರನ್ನು ಪೊಲೀಸರು ಲಾಠಿಯಿಂದ ಹೊಡೆಯುತ್ತಿದ್ದಾಗ ಒಳಗೆ ಡೆಮಾಕ್ರಟಿಕ್ ಸಮಾವೇಶ ನಡೆಯುತ್ತಿತ್ತು. ಸೆನೆಟರ್ ಏಬ್ರಹಾಂ ರಿಬಿಕಾಫ್ ವೇದಿಕೆಯಿಂದಲೇ, ಜಾರ್ಜ್ ಮೆಕ್‌ಗವರ್ನ್ ಅಧ್ಯಕ್ಷರಾದರೆ ಷಿಕಾಗೊ ಬೀದಿಗಳಲ್ಲಿ ಗೆಸ್ಟಾಪೊ (ಹಿಟ್ಲರನ ಗುಪ್ತ ಪೊಲೀಸ್) ತಂತ್ರ ನಡೆಯುವುದಿಲ್ಲ ಎಂದರು. ಎದುರಿಗೇ ಕುಳಿತಿದ್ದ ನಗರದ ಮೇಯರ್ ರಿಚರ್ಡ್ ಡೇಲಿ ಎದ್ದು ಕೆಂಡವಾಗಿ ಕೂಗಿದರು. ಮೈಕ್ ಇಲ್ಲದ್ದರಿಂದ ಅವರು ಏನಂದರು ಎಂಬ ವಾದ ಇಂದಿಗೂ ಮುಗಿದಿಲ್ಲ. ಮುಖ ಮಾತ್ರ ದೇಶಕ್ಕೆಲ್ಲ ಕಂಡಿತು.

ಒಂದೂ ಪ್ರಾಥಮಿಕ ಚುನಾವಣೆಯಲ್ಲಿ ಸ್ಪರ್ಧಿಸದ ಹಂಫ್ರಿ ಅಲ್ಲಿ ಅಭ್ಯರ್ಥಿಯಾದರು, ರಿಚರ್ಡ್ ನಿಕ್ಸನ್ ಎದುರು ಸೋತರು. ನಂತರ ನಿಯಮಗಳು ಬದಲಾಗಿ ಅಭ್ಯರ್ಥಿಯ ಆಯ್ಕೆ ಮತದಾರರ ಕೈಗೆ ಹೋಯಿತು. ಅಂದಿನಿಂದ ಸಮಾವೇಶ ಆಗಲೇ ಆದ ನಿರ್ಧಾರವನ್ನು ಟಿ.ವಿ.ಗಾಗಿ ಪ್ರದರ್ಶಿಸುವ ಕಾರ್ಯಕ್ರಮವಾಗಿದೆ.

ಗೆದ್ದವರಿಗಿಂತ ಸೋತವರ ಭಾಷಣಕ್ಕೇ ಹೆಚ್ಚು ಮೆಚ್ಚುಗೆ ಬರುವುದು ಏಕೆ?

ಸೋತವರಿಗೆ ಮತ ಕೇಳುವ ಹಂಗಿಲ್ಲ. 1976ರಲ್ಲಿ ಕಾನ್ಸಾಸ್ ಸಿಟಿಯಲ್ಲಿ ಜೆರಾಲ್ಡ್ ಫೋರ್ಡ್ ಎದುರು 1,187ಕ್ಕೆ 1,070 ಮತಗಳಿಂದ ಸೋತಿದ್ದ ರೇಗನ್‌ರನ್ನು ಫೋರ್ಡ್ ಅವರೇ ಕೊನೆಯ ರಾತ್ರಿ ವೇದಿಕೆಗೆ ಕರೆದರು. ಬರೆದುಕೊಂಡು ಬಂದಿರದಿದ್ದರೂ ರೇಗನ್ ಕೆಲವೇ ನಿಮಿಷ ಮಾತನಾಡಿ ಜನರ ಕಣ್ಣು ತೇವ ಮಾಡಿದರು. ತಪ್ಪು ವ್ಯಕ್ತಿಯನ್ನು ಆರಿಸಿದೆವೇನೋ ಎಂಬ ಭಾವ ಅಂದು ಸಭಾಂಗಣದಲ್ಲಿ ಸುಳಿಯಿತು ಎಂದು ಅಲ್ಲಿದ್ದವರು ನೆನೆಯುವುದುಂಟು.

1980ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಇದೇ ಕತೆ, ಇನ್ನಷ್ಟು ಕಹಿಯಾಗಿ. ಅಧ್ಯಕ್ಷ ಜಿಮ್ಮಿ ಕಾರ್ಟರ್ ಎದುರು ಸೋತ ಟೆಡ್ ಕೆನಡಿ, ಕನಸು ಎಂದಿಗೂ ಸಾಯುವುದಿಲ್ಲ ಎಂದು ಮುಗಿಸಿದ ಭಾಷಣ ಅವರ ಜೀವನದ ಅತ್ಯುತ್ತಮ ಭಾಷಣವಾಯಿತು. ಎರಡು ದಿನಗಳ ನಂತರ ಕಾರ್ಟರ್ ಸರದಿ. ದಿವಂಗತ ಹ್ಯೂಬರ್ಟ್ ಹಂಫ್ರಿಯವರನ್ನು ಸ್ಮರಿಸಲು ಹೋಗಿ ಕಥೆಗಳಲ್ಲಿ ಬರುವ ಹಾರ್ನ್‌ಬ್ಲೋವರ್ ಎಂಬ ಪಾತ್ರದ ಹೆಸರನ್ನು ಸೇರಿಸಿಬಿಟ್ಟರು. ಬಲೂನುಗಳು ಮೇಲಿನಿಂದ ಸರಿಯಾಗಿ ಬೀಳಲಿಲ್ಲ. ಕೊನೆಯಲ್ಲಿ ವೇದಿಕೆಗೆ ಬಂದ ಕೆನಡಿ, ಕಾರ್ಟರ್ ಜೊತೆ ಕೈ ಎತ್ತಿ ನಿಲ್ಲುವ ಚಿತ್ರಕ್ಕೆ ಅವಕಾಶ ಕೊಡದೆ ಕೈಕುಲುಕಿ ಸರಿದರು. ಇಡೀ ದೇಶ ನೋಡಿದ್ದು ಅದನ್ನೇ.

ಒಬಾಮ 2004ರಲ್ಲಿ ಮಾಡಿದ ಭಾಷಣ ಅಷ್ಟು ದೊಡ್ಡದಾದದ್ದು ಹೇಗೆ?

ಜುಲೈ 27ರಂದು ಬಾಸ್ಟನ್‌ನಲ್ಲಿ ದಿಕ್ಸೂಚಿ ಭಾಷಣ ಮಾಡಿದಾಗ ಬರಾಕ್ ಒಬಾಮ ಇಲಿನಾಯ್ ರಾಜ್ಯದ ಸೆನೆಟ್ ಸದಸ್ಯ, ಅಷ್ಟೇ. ಅಮೆರಿಕದ ಸೆನೆಟ್‌ಗೆ ಇನ್ನೂ ಸ್ಪರ್ಧಿಸುತ್ತಿದ್ದರು. ದೊಡ್ಡ ವಾಹಿನಿಗಳಾದ ಎಬಿಸಿ, ಸಿಬಿಎಸ್, ಎನ್‌ಬಿಸಿ ಮೂರೂ ಆ ರಾತ್ರಿ ಸಮಾವೇಶವನ್ನು ನೇರ ಪ್ರಸಾರ ಮಾಡಲೇ ಇಲ್ಲ. ನೋಡಿದವರು ಕೇಬಲ್ ವಾಹಿನಿ ಅಥವಾ ಸಾರ್ವಜನಿಕ ಪ್ರಸಾರದಲ್ಲಿ ನೋಡಿದರು.

ಆದರೂ ಹಬ್ಬಿತು, ಏಕೆಂದರೆ ಹಬ್ಬಿಸಿದವರು ಸಭಾಂಗಣದಲ್ಲೇ ಇದ್ದರು. ಸಾವಿರಾರು ಪ್ರತಿನಿಧಿಗಳು ತಮ್ಮ ಊರಿಗೆ ಮರಳಿ ಹೇಳಿದರು, ಪತ್ರಕರ್ತರು ಬರೆದರು. ಉದಾರವಾದಿ ಅಮೆರಿಕ ಬೇರೆ, ಸಂಪ್ರದಾಯವಾದಿ ಅಮೆರಿಕ ಬೇರೆ ಎಂಬುದಿಲ್ಲ ಎಂದ ಭಾಗವನ್ನು ವಾಹಿನಿಗಳು ಮತ್ತೆ ಮತ್ತೆ ತೋರಿಸಿದವು. ವಿಚಿತ್ರವೆಂದರೆ ಆ ಸಮಾವೇಶದಿಂದ ಅಭ್ಯರ್ಥಿ ಜಾನ್ ಕೆರಿಗೆ ಸಮೀಕ್ಷೆಗಳಲ್ಲಿ ಏನೂ ಲಾಭವಾಗಲಿಲ್ಲ. ಅಂದಿನ ಭಾಷಣದ ಫಸಲನ್ನು ಕೊಯ್ದದ್ದು ಭಾಷಣಕಾರನೇ, ನಾಲ್ಕು ವರ್ಷಗಳ ನಂತರ.

ಸಭಾಂಗಣದಲ್ಲಿ ಸೂಪರ್ ಹಿಟ್ ಆಗಿ ಹೊರಗೆ ಮುಳುವಾದ ಭಾಷಣಗಳು ಯಾವುವು?

ಗೋಲ್ಡ್‌ವಾಟರ್ ಭಾಷಣದ ಬಗ್ಗೆ ಆಗಲೇ ಹೇಳಿದೆ. 1984ರಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ವಾಲ್ಟರ್ ಮಾಂಡೇಲ್, ರೇಗನ್ ತೆರಿಗೆ ಏರಿಸುತ್ತಾರೆ, ನಾನೂ ಏರಿಸುತ್ತೇನೆ, ಅವರು ನಿಮಗೆ ಹೇಳುವುದಿಲ್ಲ, ನಾನು ಈಗ ಹೇಳಿದೆ ಎಂದರು. ಪ್ರಾಮಾಣಿಕ ಮಾತು. ಅದನ್ನೇ ಎದುರಾಳಿಗಳು ನವೆಂಬರ್‌ವರೆಗೆ ಬಳಸಿದರು. ಮಾಂಡೇಲ್ 49 ರಾಜ್ಯಗಳಲ್ಲಿ ಸೋತರು.

ಜಾರ್ಜ್ ಬುಷ್ ಹಿರಿಯರ ಪ್ರಕರಣ ಇನ್ನೂ ಸ್ವಾರಸ್ಯದ್ದು. 1988ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ, ನನ್ನ ತುಟಿ ನೋಡಿಕೊಳ್ಳಿ, ಹೊಸ ತೆರಿಗೆ ಇಲ್ಲ ಎಂದಾಗ ಸಭಾಂಗಣ ಕಿವಿಗಡಚಿಕ್ಕುವಂತೆ ಕೂಗಿತು. ಆ ವರ್ಷ ಗೆದ್ದರು ಕೂಡ. 1990ರಲ್ಲಿ ಬಜೆಟ್ ಒಪ್ಪಂದಕ್ಕಾಗಿ ತೆರಿಗೆ ಏರಿಸಿದಾಗ ಆ ಚಪ್ಪಾಳೆಯೇ ಸಾಲದಂತೆ ತಿರುಗಿ ಬಂತು. ಯಾವ ಸಾಲಿಗೆ ಅತಿ ಹೆಚ್ಚು ಕೂಗು ಬಿತ್ತೋ ಆ ಸಾಲನ್ನು ಜನ ಮರೆಯುವುದಿಲ್ಲ.

1992ರ ಹೂಸ್ಟನ್ ರಿಪಬ್ಲಿಕನ್ ಸಮಾವೇಶದಲ್ಲಿ ಕಟ್ಟಾ ಸಂಪ್ರದಾಯವಾದಿ ಪ್ಯಾಟ್ ಬುಕಾನನ್ ದೇಶದಲ್ಲಿ ಸಂಸ್ಕೃತಿಯ ಯುದ್ಧ ನಡೆಯುತ್ತಿದೆ ಎಂದು ಸಾರಿದರು. ಸಭಿಕರು ಎದ್ದು ನಿಂತು ಜೈಕಾರ ಹಾಕಿದರು, ಮನೆಯಲ್ಲಿ ಕುಳಿತ ಮಧ್ಯಮ ಮಾರ್ಗದ ಮತದಾರರಲ್ಲಿ ಹಲವರು ಬೆಚ್ಚಿದರು ಎಂಬುದು ಆಗಿನ ವಿಶ್ಲೇಷಣೆ. ಇಂದಿನ ರಿಪಬ್ಲಿಕನ್ ಪಕ್ಷವನ್ನು ನೋಡಿದರೆ ಆ ಜೈಕಾರವನ್ನು ಆಗ ಇನ್ನಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕಿತ್ತು ಎನಿಸುತ್ತದೆ.

ಸಮಾವೇಶದ ನಂತರ ಸಮೀಕ್ಷೆಯಲ್ಲಿ ಏರಿಕೆ ಆಗುತ್ತದೆ ಎನ್ನುತ್ತಾರಲ್ಲ?

ಆಗುತ್ತಿತ್ತು. ಗ್ಯಾಲಪ್ ಸಂಸ್ಥೆಯ ಹಳೆಯ ಸಮೀಕ್ಷೆಗಳ ಪ್ರಕಾರ 1964ರಿಂದೀಚೆಗೆ ಸಾಮಾನ್ಯವಾಗಿ ಐದು ಶೇಕಡಾ ಅಂಶಗಳಷ್ಟು. 1992ರಲ್ಲಿ ಬಿಲ್ ಕ್ಲಿಂಟನ್‌ಗೆ 16 ಅಂಶ ಏರಿತು. ಆದರೆ ಅವರು ಸ್ವೀಕಾರ ಭಾಷಣ ಮಾಡಿದ ದಿನವೇ ಮೂರನೆಯ ಅಭ್ಯರ್ಥಿ ರಾಸ್ ಪೆರೊ ಕಣದಿಂದ ಸರಿದಿದ್ದರು. ಎಷ್ಟು ಪಾಲು ಭಾಷಣದ್ದು, ಎಷ್ಟು ಪಾಲು ಪೆರೊ ಅವರದು ಎಂದು ಬೇರ್ಪಡಿಸುವುದು ಕಷ್ಟ. 1988ರಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಮೈಕಲ್ ಡುಕಾಕಿಸ್ ಸಮಾವೇಶದ ನಂತರ 17 ಅಂಶ ಮುಂದಿದ್ದರು. ನವೆಂಬರಿನಲ್ಲಿ 40 ರಾಜ್ಯಗಳಲ್ಲಿ ಸೋತರು.

ಈಚಿನ ಚುನಾವಣೆಗಳಲ್ಲಿ ಏರಿಕೆ ಚಿಕ್ಕದು, ಕೆಲವೊಮ್ಮೆ ಇಲ್ಲವೇ ಇಲ್ಲ. ಹೆಚ್ಚಿನ ಮತದಾರರು ಮೊದಲೇ ಪಕ್ಷ ಹಿಡಿದು ಕುಳಿತಿದ್ದಾರೆ.

ಟಿ.ವಿ. ವೀಕ್ಷಕರ ಸಂಖ್ಯೆಯಿಂದ ಏನಾದರೂ ತಿಳಿಯುತ್ತದೆಯೇ?

ಗೆಲ್ಲುವವರು ಯಾರು ಎಂದು ತಿಳಿಯುವುದಿಲ್ಲ. ಟಿ.ವಿ. ವೀಕ್ಷಕರನ್ನು ಎಣಿಸುವ ನೀಲ್ಸನ್ ಸಂಸ್ಥೆಯ ಲೆಕ್ಕದಲ್ಲಿ 2008ರ ಸ್ವೀಕಾರ ಭಾಷಣಗಳಲ್ಲಿ ಜಾನ್ ಮೆಕೇನ್ ಒಬಾಮರಿಗಿಂತ ಸ್ವಲ್ಪ ಮುಂದಿದ್ದರು, ಇಬ್ಬರಿಗೂ 3.8 ಕೋಟಿಗಿಂತ ಹೆಚ್ಚು ವೀಕ್ಷಕರು, ಗೆದ್ದವರು ಒಬಾಮ. 2020ರಲ್ಲಿ ಬೈಡನ್ ರಾತ್ರಿ 2.46 ಕೋಟಿ, ಟ್ರಂಪ್ ರಾತ್ರಿ 2.38 ಕೋಟಿ, ಗೆದ್ದವರು ಬೈಡನ್. 2024ರಲ್ಲಿ ಕಮಲಾ ಹ್ಯಾರಿಸ್ ಕೊನೆಯ ರಾತ್ರಿ ಟ್ರಂಪ್‌ಗಿಂತ ತುಸು ಹೆಚ್ಚು ಜನರನ್ನು ಸೆಳೆಯಿತು, ಗೆದ್ದವರು ಟ್ರಂಪ್. ಮೇಲಾಗಿ ಈಗ ಹಲವರು ಇಡೀ ಭಾಷಣ ನೋಡದೆ ಅರ್ಧ ನಿಮಿಷದ ತುಣುಕನ್ನು ಮಾತ್ರ ನೋಡುತ್ತಾರೆ, ಅದೂ ಯಾರೋ ತಮಗೆ ಬೇಕಾದಂತೆ ಕತ್ತರಿಸಿದ್ದನ್ನು.

ಬೇಸರ ಹುಟ್ಟಿಸಿದ ಭಾಷಣದಿಂದ ರಾಜಕೀಯ ಜೀವನ ಮುಗಿಯುತ್ತದೆಯೇ?

ಬಿಲ್ ಕ್ಲಿಂಟನ್‌ರನ್ನು ನೋಡಿ. 1988ರಲ್ಲಿ ಅಟ್ಲಾಂಟಾದಲ್ಲಿ ಡುಕಾಕಿಸ್ ಹೆಸರು ಸೂಚಿಸಲು ಬಂದ ಅರ್ಕಾನ್ಸಾ ಗವರ್ನರ್ 33 ನಿಮಿಷ ಎಳೆದರು. ಕೊನೆಯದಾಗಿ ಎಂಬ ಮಾತು ಬಾಯಿಂದ ಬಂದ ಕೂಡಲೇ ಸಭಾಂಗಣ ಹರ್ಷೋದ್ಗಾರ ಮಾಡಿತು. ಕೆಲವೇ ದಿನಗಳಲ್ಲಿ ಅವರು ಜಾನಿ ಕಾರ್ಸನ್ ಅವರ ಟಿ.ವಿ. ಕಾರ್ಯಕ್ರಮಕ್ಕೆ ಹೋಗಿ ತಮ್ಮನ್ನೇ ಗೇಲಿ ಮಾಡಿಕೊಂಡು ಸ್ಯಾಕ್ಸೊಫೋನ್ ನುಡಿಸಿ ಬಂದರು. ನಾಲ್ಕು ವರ್ಷಗಳ ನಂತರ ಅವರೇ ಅಧ್ಯಕ್ಷ. 2012ರಲ್ಲಿ ಷಾರ್ಲೆಟ್‌ನಲ್ಲಿ ಒಬಾಮ ಪರ ಮಾತನಾಡಿದಾಗ ಇನ್ನೂ ಉದ್ದ, 48 ನಿಮಿಷ. ಆಗ ಯಾರೂ ಗಡಿಯಾರ ನೋಡಲಿಲ್ಲ.

ಹಾಲಿವುಡ್ ನಟ ಕ್ಲಿಂಟ್ ಈಸ್ಟ್‌ವುಡ್ ಖಾಲಿ ಕುರ್ಚಿಯ ಜೊತೆ ಮಾತನಾಡಿದ್ದು ನಿಜವೇ?

ನಿಜ. 2012ರ ಆಗಸ್ಟ್ 30, ಟ್ಯಾಂಪಾದ ರಿಪಬ್ಲಿಕನ್ ಸಮಾವೇಶ. ಕುರ್ಚಿಯಲ್ಲಿ ಒಬಾಮ ಕುಳಿತಿದ್ದಾರೆ ಎಂದು ಭಾವಿಸಿ ನಡೆಸಿದ ಸಂಭಾಷಣೆ. ಸಭಿಕರು ನಕ್ಕರು, ಅಂತರ್ಜಾಲವೂ ನಕ್ಕಿತು, ಎರಡೂ ನಗು ಒಂದೇ ಅಲ್ಲ. ಒಬಾಮ ಖಾತೆಯಿಂದ, ಈ ಜಾಗ ಭರ್ತಿಯಾಗಿದೆ ಎಂಬ ಸಾಲಿನೊಂದಿಗೆ ಅಧ್ಯಕ್ಷರ ಕುರ್ಚಿಯ ಚಿತ್ರ ಹೊರಬಿತ್ತು. ಪಾಪ, ಆ ರಾತ್ರಿಯ ನಾಯಕನಾಗಬೇಕಿದ್ದ ಅಭ್ಯರ್ಥಿ ಮಿಟ್ ರಾಮ್ನಿ ಏನು ಮಾತನಾಡಿದರು ಎಂದು ಕೇಳಿದರೆ ಹೇಳುವವರು ಕಡಿಮೆ.

2016ರಲ್ಲಿ ಮೆಲನಿಯಾ ಟ್ರಂಪ್ ಭಾಷಣದ್ದೂ ಇದೇ ರೀತಿ. ಸಭಾಂಗಣ ಮೆಚ್ಚಿತ್ತು. ಕೆಲವು ಗಂಟೆಗಳಲ್ಲೇ ಅದರ ಭಾಗಗಳು ಮಿಶೆಲ್ ಒಬಾಮ 2008ರಲ್ಲಿ ಮಾಡಿದ ಭಾಷಣದ ನಕಲು ಎಂಬುದು ಪತ್ತೆಯಾಯಿತು. ಮೊದಲು ಅಲ್ಲಗಳೆದ ಪ್ರಚಾರ ತಂಡ ಆಮೇಲೆ ಬರೆದುಕೊಟ್ಟವರ ತಪ್ಪು ಎಂದಿತು.

ಪ್ರತಿಕ್ರಿಯೆಗೆ ಹೆದರಿ ಭಾಷಣವನ್ನೇ ತಡೆದದ್ದು ಉಂಟೇ?

ತಡೆಯಲು ನೋಡಿದ್ದುಂಟು, ಅದೂ ಒಬ್ಬ ಅಧ್ಯಕ್ಷ. 1964ರ ಆಗಸ್ಟ್ 22ರಂದು ಅಟ್ಲಾಂಟಿಕ್ ಸಿಟಿಯಲ್ಲಿ ಫ್ಯಾನಿ ಲೂ ಹೇಮರ್ ಎಂಬ ಮಿಸಿಸಿಪ್ಪಿಯ ಮಹಿಳೆ ಡೆಮಾಕ್ರಟಿಕ್ ಸಮಾವೇಶದ ಸಮಿತಿಯ ಮುಂದೆ ಸಾಕ್ಷ್ಯ ನುಡಿಯುತ್ತಿದ್ದರು. ಹತ್ತಿ ಹೊಲದಲ್ಲಿ ದುಡಿಯುತ್ತಿದ್ದವರು. ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋಗಿದ್ದಕ್ಕೆ ಕೆಲಸ, ಮನೆ ಕಳೆದುಕೊಂಡದ್ದನ್ನೂ ಜೈಲಿನಲ್ಲಿ ಹೊಡೆತ ತಿಂದದ್ದನ್ನೂ ವಿವರಿಸುತ್ತಿದ್ದರು. ದಕ್ಷಿಣದ ಬಿಳಿಯ ಮತಗಳ ಚಿಂತೆಯಲ್ಲಿದ್ದ ಅಧ್ಯಕ್ಷ ಲಿಂಡನ್ ಜಾನ್ಸನ್ ಅವಸರದಲ್ಲಿ ಪತ್ರಕರ್ತರನ್ನು ಸೇರಿಸಿ ಕ್ಯಾಮೆರಾಗಳನ್ನು ತಮ್ಮತ್ತ ಎಳೆದುಕೊಂಡರು. ಉಪಾಯ ಫಲಿಸಲಿಲ್ಲ. ಆ ಸಂಜೆ ವಾಹಿನಿಗಳು ಹೇಮರ್ ಸಾಕ್ಷ್ಯವನ್ನು ಮತ್ತೆ ತೋರಿಸಿದವು, ಹಗಲಿಗಿಂತ ಹೆಚ್ಚು ಜನ ನೋಡಿದರು. ಮಿಸಿಸಿಪ್ಪಿಯ ಬಿಳಿಯರೇ ತುಂಬಿದ್ದ ಅಧಿಕೃತ ತಂಡದ ಬದಲು ತಮ್ಮನ್ನು ಕೂರಿಸಿ ಎಂದು ಕೇಳುತ್ತಿದ್ದ ಅವರ ತಂಡಕ್ಕೆ ಎರಡು ಸ್ಥಾನ ಕೊಡುವ ರಾಜಿ ಸೂತ್ರ ಬಂತು, ತಂಡ ಒಪ್ಪಲಿಲ್ಲ.

2024ರಲ್ಲಿ ಷಿಕಾಗೊದಲ್ಲಿ ಪ್ಯಾಲೆಸ್ಟೀನ್ ಮೂಲದ ಅಮೆರಿಕನ್ ಒಬ್ಬರಿಗೆ ವೇದಿಕೆಯಲ್ಲಿ ಮಾತನಾಡಲು ಅವಕಾಶ ಕೊಡಿ ಎಂದು ಕೆಲವು ಪ್ರತಿನಿಧಿಗಳು ಕೇಳಿದರು. ಕೊಡಲಿಲ್ಲ. ಅವರು ಸಭಾಂಗಣದ ಹೊರಗೆ ಧರಣಿ ಕುಳಿತರು, ಸುದ್ದಿಯಾಯಿತು. ಅವಕಾಶ ಕೊಟ್ಟಿದ್ದರೆ ಕೆಲವು ನಿಮಿಷದಲ್ಲಿ ಮುಗಿಯುತ್ತಿತ್ತು.

ಸಭಿಕರೇ ಇಲ್ಲದಿದ್ದರೆ?

2020ರಲ್ಲಿ ಕೋವಿಡ್‌ನಿಂದ ಹಾಗಾಯಿತು. ಡೆಲವೇರ್‌ನ ವಿಲ್ಮಿಂಗ್ಟನ್‌ನಲ್ಲಿ ಬೈಡನ್ ಹೆಚ್ಚುಕಡಿಮೆ ಖಾಲಿ ಕೋಣೆಯಲ್ಲಿ ಮಾತನಾಡಿದರು. ಚಪ್ಪಾಳೆಗೆ ನಿಲ್ಲಬೇಕಿಲ್ಲದ್ದರಿಂದ ಭಾಷಣ ಬಿಗಿಯಾಗಿ ಬಂತು, ನನಗಂತೂ ಹಿಡಿಸಿತು. ಟ್ರಂಪ್ ಶ್ವೇತಭವನದ ಹುಲ್ಲುಹಾಸಿನ ಮೇಲೆ ಜನರನ್ನು ಸೇರಿಸಿದರು. ಸರ್ಕಾರಿ ಜಾಗವನ್ನು ಪಕ್ಷದ ಕೆಲಸಕ್ಕೆ ಬಳಸಿದ್ದು ಸರಿಯೇ ಎಂಬ ಟೀಕೆ ಬಂತು.

ಭಾರತೀಯ ಮೂಲದವರ ಭಾಷಣಗಳಿಗೆ ಹೇಗೆ ಪ್ರತಿಕ್ರಿಯೆ ಬಂದಿದೆ? ಕನ್ನಡಿಗರು ಯಾರಾದರೂ ಮಾತನಾಡಿದ್ದಾರೆಯೇ?

2020ರಲ್ಲಿ ಹ್ಯಾರಿಸ್ ತಮ್ಮ ಭಾಷಣದಲ್ಲಿ ಚಿತ್ತಿಯಂದಿರನ್ನು (ತಮಿಳಿನಲ್ಲಿ ಚಿಕ್ಕಮ್ಮ) ನೆನೆದಾಗ ತಮಿಳು ಕುಟುಂಬಗಳು ಸಂಭ್ರಮಿಸಿದವು. 2024ರ ಮಿಲ್ವಾಕಿ ಸಮಾವೇಶ ಇನ್ನೊಂದು ಮುಖ ತೋರಿಸಿತು. ಟ್ರಂಪ್ ವಿರುದ್ಧ ಪ್ರಾಥಮಿಕ ಚುನಾವಣೆಯಲ್ಲಿ ಸ್ಪರ್ಧಿಸಿದ್ದ ನಿಕ್ಕಿ ಹೇಲಿ ವೇದಿಕೆಗೆ ಬಂದಾಗ ಚಪ್ಪಾಳೆಯ ಜೊತೆ ‘ಬೂ’ ಕೂಡ ಕೇಳಿಸಿತು. ಟ್ರಂಪ್ ಪರ ನಿಲ್ಲುತ್ತೇನೆ ಎಂದ ಮೇಲೆ ಅದು ಅಡಗಿತು. ಹರ್ಮೀತ್ ಧಿಲ್ಲೋನ್ ಸಿಖ್ಖರ ಅರ್ದಾಸ್ ಪ್ರಾರ್ಥನೆ ಸಲ್ಲಿಸಿದಾಗ ಸಭಾಂಗಣದಲ್ಲಿ ಹಲವರು ತಲೆಬಾಗಿದರೆ ಜಾಲತಾಣಗಳಲ್ಲಿ ಕೆಲವರು ವಿಷ ಕಾರಿದರು. ಉಪಾಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿದ್ದ ಪತಿ ಜೆ.ಡಿ. ವ್ಯಾನ್ಸ್‌ರನ್ನು ಪರಿಚಯಿಸಿದ ತೆಲುಗು ಮೂಲದ ಉಷಾ ವ್ಯಾನ್ಸ್ ಅವರಿಗೂ ಹಾಗೆಯೇ ಆಯಿತು: ಒಳಗೆ ಆದರ, ಹೊರಗೆ ಜನಾಂಗೀಯ ನಿಂದನೆ. ಒಳಗಿನ ಚಪ್ಪಾಳೆಯನ್ನಷ್ಟೇ ನೋಡಿ ಬೀಗುವ ನಮ್ಮ ವಾಹಿನಿಗಳು ಎರಡನೆಯದನ್ನೂ ಹೇಳಬೇಕು.

ಕನ್ನಡದ ನಂಟು ಇದೆ. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಕುಟುಂಬದ ಡಾ. ವಿವೇಕ್ ಮೂರ್ತಿ 2020ರ ಡೆಮಾಕ್ರಟಿಕ್ ಸಮಾವೇಶದಲ್ಲಿ ಮಾತನಾಡಿದರು. ಮುಂದೆ ಬೈಡನ್ ಆಡಳಿತದಲ್ಲಿ ಎರಡನೆಯ ಬಾರಿ ಸರ್ಜನ್ ಜನರಲ್ (ದೇಶದ ಸಾರ್ವಜನಿಕ ಆರೋಗ್ಯದ ಮುಖ್ಯ ವೈದ್ಯ) ಆದರು. 2024ರಲ್ಲಿ ಷಿಕಾಗೊ ಸಮಾವೇಶದ ಮೂರನೆಯ ದಿನ ಮೇರಿಲ್ಯಾಂಡಿನ ಶಿವ ವಿಷ್ಣು ದೇವಸ್ಥಾನದ ಅರ್ಚಕ, ಬೆಂಗಳೂರು ಮೂಲದ ರಾಕೇಶ್ ಭಟ್ ಪ್ರಾರ್ಥನೆ ಸಲ್ಲಿಸಿದರು.

2024ರಲ್ಲಿ ಟ್ರಂಪ್ ಭಾಷಣಕ್ಕೆ ಪ್ರತಿಕ್ರಿಯೆ ಹೇಗಿತ್ತು?

ಎರಡು ಭಾಷಣ ಕೇಳಿದಂತಿತ್ತು. ಪೆನ್ಸಿಲ್ವೇನಿಯಾದ ಬಟ್ಲರ್‌ನಲ್ಲಿ ಗುಂಡು ತಗುಲಿ ಐದು ದಿನಗಳಾಗಿದ್ದವು. ಆ ಘಟನೆಯನ್ನು ಅವರು ತಗ್ಗಿದ ದನಿಯಲ್ಲಿ ಹೇಳುವಾಗ, ಕಿವಿಗೆ ಅವರಂತೆಯೇ ಪಟ್ಟಿ ಕಟ್ಟಿಕೊಂಡು ಬಂದಿದ್ದ ಪ್ರತಿನಿಧಿಗಳೂ ಸೇರಿ ಇಡೀ ಸಭಾಂಗಣ ಉಸಿರು ಬಿಗಿಹಿಡಿದಿತ್ತು. ಆಮೇಲೆ ಬರೆದದ್ದನ್ನು ಬಿಟ್ಟು ಎಂದಿನ ರ‍್ಯಾಲಿ ಶೈಲಿಗೆ ಹೊರಳಿದರು. ಒಟ್ಟು 90 ನಿಮಿಷಕ್ಕೂ ಹೆಚ್ಚು. ಕೊನೆಕೊನೆಗೆ ಸಭಿಕರೇ ದಣಿದಿದ್ದರು. ವಿಮರ್ಶಕರು ಮೊದಲ ಭಾಗ ಹೊಗಳಿ ಎರಡನೆಯದನ್ನು ತೆಗಳಿದರು. ಮತದಾರರು ಇದರಲ್ಲಿ ಯಾವುದನ್ನೂ ಲೆಕ್ಕಕ್ಕೆ ಇಟ್ಟಂತೆ ಕಾಣಲಿಲ್ಲ. ಮೂರು ದಿನಗಳಲ್ಲಿ ಬೈಡನ್ ಕಣದಿಂದ ಸರಿದು ಸುದ್ದಿಯೇ ಬದಲಾಯಿತು.

ಮುಂದಿನ ಸಮಾವೇಶವನ್ನು ಭಾರತದಿಂದ ನೋಡಬೇಕೆಂದರೆ?

ಮುಖ್ಯ ಭಾಷಣಗಳು ಅಮೆರಿಕದ ಪೂರ್ವ ಕರಾವಳಿಯ ರಾತ್ರಿ 10ರ ನಂತರ, ಅಂದರೆ ನಮ್ಮ ಬೆಳಿಗ್ಗೆ 7.30ರ ನಂತರ. ಪಕ್ಷಗಳು ಯೂಟ್ಯೂಬಿನಲ್ಲಿ ನೇರ ಪ್ರಸಾರ ಮಾಡುತ್ತವೆ. ಆದರೆ ಸಾಧ್ಯವಾದರೆ ಅಮೆರಿಕದ ರಾಜಕೀಯ ಕಲಾಪಗಳನ್ನು ಇದ್ದಂತೆ ತೋರಿಸುವ ಸಿ-ಸ್ಪ್ಯಾನ್ ವಾಹಿನಿ ನೋಡಿ: ನಿರೂಪಕರ ಗದ್ದಲ ಇಲ್ಲ, ಸಭಾಂಗಣದ ಸದ್ದು ಇದ್ದಂತೆ ಕೇಳುತ್ತದೆ. ಬೆಳಿಗ್ಗೆ ಪುರುಸೊತ್ತಿಲ್ಲದಿದ್ದರೆ ಪೂರ್ತಿ ವಿಡಿಯೊ ಸಂಜೆಯೂ ಅಲ್ಲೇ ಇರುತ್ತದೆ. ಕೊನೆಯ ರಾತ್ರಿಯನ್ನಷ್ಟೇ ಅಲ್ಲ, ಅದಕ್ಕೆ ಮುಂಚಿನ ರಾತ್ರಿಗಳನ್ನೂ ನೋಡಿ, ಸೋತವರು ಮತ್ತು ಮುನಿಸಿಕೊಂಡವರು ಹೆಚ್ಚಾಗಿ ಮಾತನಾಡುವುದು ಆಗಲೇ.